ಬೇರಿನ ತುದಿಯ ಚೀಲ: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಎಕ್ಸ್‌ರೇಯಲ್ಲಿ ಹಲ್ಲಿನ ಬೇರಿನ ತುದಿಗೆ ಅಂಟಿದಂತೆ ಕಪ್ಪಗೆ, ದುಂಡಗೆ ಏನೋ ಕಂಡಿದೆ, 'ಸಿಸ್ಟ್' (ದ್ರವ ತುಂಬಿದ ಚೀಲ) ಎಂದಿದ್ದಾರೆ. ಹಲ್ಲು ಕೀಳಿಸಬೇಕೆ, ಆಪರೇಷನ್ ಬೇಕೆ, ಸುಮ್ಮನಿದ್ದರೆ ನಡೆಯುತ್ತದೆಯೇ? ಹೆಸರು ಬಿಟ್ಟು ಊರುಗಳನ್ನಷ್ಟೇ ಕೊಟ್ಟು, ಪ್ರಶ್ನೆಗಳನ್ನು ಚಿಕ್ಕದು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ (ತುಮಕೂರು): ಬೇರೆ ಹಲ್ಲಿನ ಹುಳುಕಿಗೆಂದು ಎಕ್ಸ್‌ರೇ ತೆಗೆಸಿದಾಗ ಮೇಲಿನ ಮುಂದಿನ ಹಲ್ಲೊಂದರ ಬೇರಿನಲ್ಲಿ ಸುಮಾರು 1 ಸೆಂ.ಮೀ. ಅಗಲದ ಕಪ್ಪು ವೃತ್ತ ಕಂಡಿತು. ಆ ಹಲ್ಲು ಒಂದು ದಿನವೂ ನೋವು ಕೊಟ್ಟಿಲ್ಲ, ಹುಳುಕೂ ಇಲ್ಲ. ಬಣ್ಣ ಮಾತ್ರ ಸ್ವಲ್ಪ ಕಂದು. ಹೈಸ್ಕೂಲಿನಲ್ಲಿದ್ದಾಗ ಸೈಕಲ್ಲಿನಿಂದ ಬಿದ್ದು ಬಾಯಿಗೆ ಪೆಟ್ಟಾಗಿತ್ತು. ನೋವಿಲ್ಲದ ಹಲ್ಲಿಗೆ ಚಿಕಿತ್ಸೆ ಯಾಕೆ?

ಉತ್ತರ: ಅರ್ಧ ಉತ್ತರ ಆ ಸೈಕಲ್ ಪೆಟ್ಟಿನಲ್ಲೇ ಇದೆ. ಪೆಟ್ಟಿನ ರಭಸಕ್ಕೆ ಬೇರಿನ ತುದಿಯಿಂದ ಒಳಹೋಗುವ ರಕ್ತನಾಳ ತುಂಡಾದರೆ ಹಲ್ಲಿನ ತಿರುಳು ಸದ್ದಿಲ್ಲದೆ ಸಾಯುತ್ತದೆ. ಸತ್ತ ತಿರುಳಿಗೆ ನೋವು ಎಲ್ಲಿಂದ ಬರಬೇಕು? ಕಂದು ಬಣ್ಣವೇ ಅದರ ಗುರುತು. ಮುಂದೆ ಎನಾಮೆಲ್‌ನ ಸಣ್ಣ ಬಿರುಕುಗಳಿಂದ ಬ್ಯಾಕ್ಟೀರಿಯಾ ಒಳಸೇರಿ, ಬೇರಿನೊಳಗೆ ತಿರುಳಿದ್ದ ನಾಳದಲ್ಲಿ ನೆಲೆಯೂರುತ್ತವೆ. ಅವುಗಳ ವಿಷ ಬೇರಿನ ತುದಿಯಿಂದ ಮೂಳೆಗೆ ಜಿನುಗುತ್ತದೆ. ಉರಿಯೂತಕ್ಕೆ ಅಲ್ಲಿನ ಮೂಳೆ ಕರಗಿ, ಆ ಜಾಗದಲ್ಲಿ ಗ್ರಾನುಲೋಮ ಎಂಬ ಮೆತ್ತನೆಯ ಗಂಟು ಬೆಳೆಯುತ್ತದೆ.

ಎಲ್ಲ ಗ್ರಾನುಲೋಮವೂ ಚೀಲವಾಗುವುದಿಲ್ಲ. ಹಲ್ಲು ಬೆಳೆಯುವಾಗ ಬೇರಿಗೆ ಆಕಾರ ಕೊಟ್ಟ ಪದರದ ಚೂರುಗಳು ಬೇರಿನ ಸುತ್ತಲಿನ ನಾರಿನಲ್ಲಿ ಕೊನೆಯವರೆಗೂ ಉಳಿದಿರುತ್ತವೆ. 19ನೇ ಶತಮಾನದ ಫ್ರೆಂಚ್ ವಿಜ್ಞಾನಿ ಲೂಯಿ ಶಾರ್ಲ್ ಮಾಲಸೆ ಅವರ ಹೆಸರಿನಲ್ಲಿ ಅವನ್ನು ಕರೆಯುತ್ತಾರೆ. ಉರಿಯೂತ ತಾಗಿದಾಗ ಈ ಕೋಶಗಳು ಮತ್ತೆ ಬೆಳೆಯತೊಡಗಿ, ಗುಂಪುಗಟ್ಟಿ, ನಡುವೆ ಟೊಳ್ಳಾಗಿ, ಆ ಟೊಳ್ಳಿನಲ್ಲಿ ದ್ರವ ತುಂಬಿದರೆ ಅದು ಸಿಸ್ಟ್. ದವಡೆಯಲ್ಲಿ ಕಾಣುವ ಚೀಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಜಾತಿಯವು. ಮೇಲ್ದವಡೆಯ ಮುಂಭಾಗದಲ್ಲಿ, ಅದರಲ್ಲೂ ನಟ್ಟನಡುವಿನ ಹಲ್ಲಿನ ಪಕ್ಕದ ಬಾಚಿಹಲ್ಲಿನಲ್ಲಿ ಹೆಚ್ಚು.

ಸುಮ್ಮನೆ ಬಿಟ್ಟರೆ ಅದು ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುತ್ತದೆ. ಮೂಳೆಯ ಹೊರಗೋಡೆ ತೆಳ್ಳಗಾಗಿ, ತುಟಿಯ ಒಳಗಡೆಯಿಂದ ಒತ್ತಿದರೆ ಮೊಟ್ಟೆಯ ಚಿಪ್ಪು ಒಡೆದಂತೆ ಸದ್ದಾಗುವ ಹಂತಕ್ಕೂ ಹೋಗಬಹುದು. ಪಕ್ಕದ ಬೇರುಗಳನ್ನು ದೂಡುತ್ತದೆ, ಕೆಲವೊಮ್ಮೆ ಸವೆಸುತ್ತದೆ. ಯಾವುದೋ ದಿನ ಕೀವಾಗಿ, ಬೆಳಗ್ಗೆ ಏಳುವಷ್ಟರಲ್ಲಿ ಮುಖ ಊದಿರುತ್ತದೆ.

ಆದರೆ ಕಪ್ಪು ವೃತ್ತ ಕಂಡಾಕ್ಷಣ 'ಸಿಸ್ಟ್' ಎನ್ನುವುದೂ ಸರಿಯಲ್ಲ. ಎಕ್ಸ್‌ರೇ ನೋಡಿ ಚೀಲ ಯಾವುದು, ಗ್ರಾನುಲೋಮ ಯಾವುದು ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ. 1996ರಲ್ಲಿ ಸಂಶೋಧಕ ನಾಯರ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳಿಗೆ ಅಂಟಿಕೊಂಡಿದ್ದ 256 ಗಂಟುಗಳನ್ನು ಪದರಪದರವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಿಜವಾದ ಚೀಲಗಳು ಶೇ 15 ಮಾತ್ರ. ಅರ್ಧದಷ್ಟು ಗ್ರಾನುಲೋಮ, ಉಳಿದವು ಕೀವುಗಂಟು. ಗಾತ್ರ 1.5–2 ಸೆಂ.ಮೀ. ದಾಟಿ, ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಇದ್ದರೆ ಚೀಲವಿರುವ ಸಂಭವ ಹೆಚ್ಚು, ಅಷ್ಟೇ. ನಿಮ್ಮ 1 ಸೆಂ.ಮೀ. ವೃತ್ತ ಎರಡರಲ್ಲಿ ಯಾವುದೂ ಆಗಿರಬಹುದು. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ, ರೂಟ್ ಕೆನಾಲ್ (ಬೇರಿನ ನಾಳ ತೊಳೆದು ತುಂಬುವುದು). ಆದ್ದರಿಂದ ಆ ಹೆಸರಿನ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಹಲ್ಲಿಗೆ ಜೀವವಿದೆಯೇ ಇಲ್ಲವೇ ಎಂಬುದನ್ನು ಮೊದಲು ಪರೀಕ್ಷೆ ಮಾಡಿಸಿ.

ಪ್ರಶ್ನೆ (ಧಾರವಾಡ): ನಮ್ಮ ತಾಯಿಗೆ 46. ಕೆಳಗಿನ ಮುಂದಿನ ನಾಲ್ಕು ಹಲ್ಲುಗಳ ಬೇರಿನಲ್ಲೂ ಕಪ್ಪು ಮಚ್ಚೆಗಳಿವೆ, ನಾಲ್ಕಕ್ಕೂ ರೂಟ್ ಕೆನಾಲ್ ಮಾಡಬೇಕು ಎಂದಿದ್ದಾರೆ. ಹುಳುಕಿಲ್ಲ, ಪೆಟ್ಟು ಬಿದ್ದಿಲ್ಲ, ಐಸ್‌ಕ್ರೀಂ ತಿಂದರೆ ಜುಮ್ ಎನ್ನುತ್ತದೆ. ಮಾಡಿಸೋಣವೇ?

ಉತ್ತರ: ಸದ್ಯಕ್ಕೆ ಬೇಡ. ಐಸ್‌ಕ್ರೀಂಗೆ ಜುಮ್ ಎನ್ನುವ ಹಲ್ಲುಗಳಿಗೆ ಜೀವ ಇರುವ ಹಾಗೆ ಕಾಣುತ್ತದೆ. ಜೀವವಿರುವ ಹಲ್ಲಿನ ಬೇರಿನಲ್ಲಿ ಈ ಬಗೆಯ ಉರಿಯೂತದ ಚೀಲ ಹುಟ್ಟುವುದಿಲ್ಲ. ಮಧ್ಯವಯಸ್ಸಿನ ಹೆಂಗಸರಲ್ಲಿ ಕೆಳಗಿನ ಮುಂದಿನ ಹಲ್ಲುಗಳ ತುದಿಯಲ್ಲಿ ಮೂಳೆ ತಾನಾಗಿ ನಾರಾಗಿ, ವರ್ಷಗಳ ನಂತರ ಬಿಳಿ ಗಟ್ಟಿ ಪದಾರ್ಥವಾಗುವ ಒಂದು ನಿರಪಾಯದ ಸ್ಥಿತಿ ಇದೆ. ಸಿಮೆಂಟೋ-ಆಸಿಯಸ್ ಡಿಸ್‌ಪ್ಲೇಸಿಯಾ ಎಂದು ಅದರ ಹೆಸರು. ಮೊದಲ ಹಂತದಲ್ಲಿ ಅದು ಎಕ್ಸ್‌ರೇಯಲ್ಲಿ ತದ್ವತ್ ಸಿಸ್ಟ್‌ನಂತೆ ಕಾಣುತ್ತದೆ. ಇದಕ್ಕೆ ಚಿಕಿತ್ಸೆಯೇ ಬೇಡ. ಆಗಾಗ ಎಕ್ಸ್‌ರೇ ತೆಗೆದು ನೋಡಿದರೆ ಸಾಕು. ರೂಟ್ ಕೆನಾಲ್ ಮಾಡಿದರೆ ನಾಲ್ಕು ಒಳ್ಳೆಯ ಹಲ್ಲುಗಳನ್ನು ಕೈಯಾರೆ ಸಾಯಿಸಿದಂತೆ.

ಪರೀಕ್ಷೆಯ ವಿಧಾನ ಗೊತ್ತಿದ್ದರೆ ಕೇಳಿ ಮಾಡಿಸಬಹುದು. ಹಲ್ಲನ್ನು ಹತ್ತಿಯಿಂದ ಒಣಗಿಸಿ, ತಣ್ಣನೆಯ ಸ್ಪ್ರೇ ಹೊಡೆದ ಹತ್ತಿಯುಂಡೆಯನ್ನು ಹಲ್ಲಿನ ಮುಂಭಾಗಕ್ಕೆ ಕೆಲವು ಸೆಕೆಂಡು ತಾಗಿಸುತ್ತಾರೆ. ಮೊದಲು ಸಂದೇಹವಿಲ್ಲದ ಪಕ್ಕದ ಹಲ್ಲಿಗೆ ಮತ್ತು ಎದುರು ಬದಿಯ ಜೋಡಿ ಹಲ್ಲಿಗೆ, ಆಮೇಲೆ ಸಂದೇಹದ ಹಲ್ಲಿಗೆ. ಈ ಹೋಲಿಕೆ ಇಲ್ಲದ ಪರೀಕ್ಷೆಗೆ ಬೆಲೆಯಿಲ್ಲ. ಜೀವವಿರುವ ಹಲ್ಲು ಚುರುಕ್ ಎಂದು, ಹತ್ತಿ ತೆಗೆದ ಕೆಲವೇ ಸೆಕೆಂಡಿನಲ್ಲಿ ಶಾಂತವಾಗುತ್ತದೆ. ಸತ್ತ ಹಲ್ಲಿಗೆ ಏನೂ ಗೊತ್ತಾಗುವುದಿಲ್ಲ. ಸಣ್ಣ ವಿದ್ಯುತ್ ಹರಿಸುವ ಪಲ್ಪ್ ಟೆಸ್ಟರ್ ಎಂಬ ಸಾಧನವನ್ನೂ ಜೊತೆಗೆ ಬಳಸುತ್ತಾರೆ.

ಎರಡೂ ಮೋಸ ಹೋಗುವ ಸಂದರ್ಭಗಳಿವೆ. ವಯಸ್ಸಾದವರಲ್ಲಿ ನಾಳ ಸುಣ್ಣಗಟ್ಟಿ ಕಿರಿದಾಗಿದ್ದರೆ ಜೀವವಿದ್ದರೂ ಹಲ್ಲು ಸುಮ್ಮನಿರುತ್ತದೆ. ದವಡೆಹಲ್ಲಿನ ಮೂರು ನಾಳಗಳಲ್ಲಿ ಒಂದು ಸತ್ತು ಎರಡು ಬದುಕಿದ್ದರೆ ತಣ್ಣಗಿನದಕ್ಕೆ 'ಹೌದು' ಎನ್ನುತ್ತದೆ. ನಾಳದಲ್ಲಿ ಕೀವು ತುಂಬಿದ್ದರೆ, ಅಥವಾ ಹಲ್ಲು ಒದ್ದೆಯಿದ್ದರೆ ವಿದ್ಯುತ್ತು ಸುತ್ತಲಿನ ನಾರಿಗೆ ಹರಿದು ಸತ್ತ ಹಲ್ಲೂ ಬದುಕಿದಂತೆ ತೋರುತ್ತದೆ. ಹಾಗಾಗಿ ಬೇರೆ ಬೇರೆ ದಿನ ಎರಡು ಸಲ ಮಾಡಿಸಿದರೂ ನಷ್ಟವಿಲ್ಲ.

ಇದೇ ಗುಂಪಿನ ಇನ್ನೆರಡು ಭ್ರಮೆಗಳಿವೆ. ಕೆಳಗಿನ ಮುಂದವಡೆ ಹಲ್ಲಿನ ಬೇರಿನ ಬಳಿ ತುಟಿಯ ನರ ಹೊರಬರುವ ರಂಧ್ರ ಎಲ್ಲರಿಗೂ ಇರುತ್ತದೆ. ಎಕ್ಸ್‌ರೇಯಲ್ಲಿ ಅದು ತುದಿಯ ಮೇಲೇ ಬಿದ್ದು ಚೀಲದಂತೆ ಕಾಣಬಹುದು. ಯಂತ್ರದ ಕೋನ ಸ್ವಲ್ಪ ಬದಲಿಸಿ ಇನ್ನೊಂದು ಎಕ್ಸ್‌ರೇ ತೆಗೆದರೆ ಕಪ್ಪು ಮಚ್ಚೆ ಬೇರಿನಿಂದ ದೂರ ಸರಿಯುತ್ತದೆ. ನಿಜವಾದ ಚೀಲ ಬೇರನ್ನು ಬಿಟ್ಟು ಸರಿಯುವುದಿಲ್ಲ. ಮೇಲ್ದವಡೆಯ ನಟ್ಟನಡುವೆ, ಎರಡು ದೊಡ್ಡ ಬಾಚಿಹಲ್ಲುಗಳ ಬೇರುಗಳ ನಡುವಿನ ನಾಳದ ರಂಧ್ರವೂ ಹೀಗೇ. 6 ಮಿ.ಮೀ.ವರೆಗೆ ಅದನ್ನು ಸಹಜ ಎಂದೇ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡದಾಗಿ, ಹಲ್ಲುಗಳಿಗೆ ಜೀವವೂ ಇದ್ದರೆ ಅದು ಆ ನಾಳದ್ದೇ ಚೀಲ ಇರಬಹುದು, ಹಲ್ಲಿನದಲ್ಲ.

ಪ್ರಶ್ನೆ (ಬಳ್ಳಾರಿ): ದವಡೆ ಊದಿದಾಗಲೆಲ್ಲ ಅಮಾಕ್ಸಿಸಿಲಿನ್ ಐದು ದಿನ ನುಂಗಿದರೆ ಇಳಿಯುತ್ತದೆ, ಎರಡು ಮೂರು ತಿಂಗಳಿಗೆ ಮತ್ತೆ ಬರುತ್ತದೆ. ಹೆಚ್ಚು ಪವರಿನ ಮಾತ್ರೆ ಇದೆಯೇ?

ಉತ್ತರ: ಎಷ್ಟೇ ಪವರಿನದಾದರೂ ಮಾತ್ರೆ ರಕ್ತದ ಮೂಲಕವೇ ಹೋಗಬೇಕು. ಸತ್ತ ಹಲ್ಲಿನ ನಾಳದಲ್ಲಿ ರಕ್ತವೇ ಇಲ್ಲ. ಬ್ಯಾಕ್ಟೀರಿಯಾ ಕೂತಿರುವುದು ಅಲ್ಲಿ. ಹೊರಗೆ ಹರಡಿದ್ದನ್ನು ಮಾತ್ರೆ ತಗ್ಗಿಸುತ್ತದೆ, ಮೂಲ ಹಾಗೇ ಉಳಿಯುತ್ತದೆ. ಹಲ್ಲು ತೆರೆದು ಅಥವಾ ಒಸಡು ಸೀಳಿ ಕೀವು ಹೊರಬಿಡುವುದೇ ಊತಕ್ಕೆ ಮದ್ದು. ಜ್ವರ, ಹರಡುತ್ತಿರುವ ಊತ, ಗಲ್ಲದಡಿ ಗಂಟುಗಳು ಕಂಡಾಗ ಮಾತ್ರ ಜೊತೆಗೆ ಆಂಟಿಬಯಾಟಿಕ್.

ನುಂಗಲು ಕಷ್ಟವಾದರೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ನಾಲಿಗೆ ಮೇಲೆದ್ದಂತಿದ್ದರೆ, ಗಂಟಲ ಕಡೆ ಊತ ಇಳಿದರೆ, ಮೇಲಿನ ಹಲ್ಲಿನ ಊತ ಕಣ್ಣು ಮುಚ್ಚುವಷ್ಟು ಏರಿದರೆ ಕ್ಲಿನಿಕ್ ತೆರೆಯುವವರೆಗೆ ಕಾಯದೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಉಸಿರಿನ ದಾರಿ ಮುಚ್ಚುವ ಅಪಾಯ ಅದು.

ಪ್ರಶ್ನೆ (ಶಿವಮೊಗ್ಗ): ಒಬ್ಬರು ರೂಟ್ ಕೆನಾಲ್ ಮಾಡಿ ಒಂದು ವರ್ಷ ನೋಡೋಣ ಎನ್ನುತ್ತಾರೆ. ಇನ್ನೊಬ್ಬರು ಈಗಲೇ ಕೊಯ್ದು ಚೀಲ ತೆಗೆಯಬೇಕು ಎನ್ನುತ್ತಾರೆ. ಚೀಲ ಸುಮಾರು 1.5 ಸೆಂ.ಮೀ. ಯಾರನ್ನು ನಂಬಬೇಕು?

ಉತ್ತರ: ಬೇರೆ ತೊಡಕಿಲ್ಲದಿದ್ದರೆ ಮೊದಲನೆಯವರನ್ನು. ಚೀಲಗಳಲ್ಲಿ ಎರಡು ಬಗೆ. ಒಂದರ ಬಾಯಿ ನೇರ ಬೇರಿನ ನಾಳಕ್ಕೆ ತೆರೆದಿರುತ್ತದೆ. ನಾಳ ಶುದ್ಧವಾದರೆ ಅದು ತಾನಾಗಿ ಮುದುಡುತ್ತದೆ. ಇನ್ನೊಂದು ಎಲ್ಲ ಕಡೆ ಮುಚ್ಚಿದ ಪೂರ್ಣ ಚೀಲ. ನಾಳ ಶುದ್ಧವಾದರೂ ಕೆಲವೊಮ್ಮೆ ಹಟಮಾಡಿ ಉಳಿಯುತ್ತದೆ. ನಿಮ್ಮದು ಯಾವುದೆಂದು ಮುಂಚೆ ತಿಳಿಯುವ ದಾರಿಯಿಲ್ಲ. ಬಹಳಷ್ಟು ಗಂಟುಗಳು ಚೀಲವೇ ಅಲ್ಲ ಎಂಬುದೂ ಲೆಕ್ಕದಲ್ಲಿರಲಿ. ಸ್ವೀಡನ್ನಿನಲ್ಲಿ 8ರಿಂದ 10 ವರ್ಷ ಹಿಂಬಾಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರಿನ ತುದಿಯಲ್ಲಿ ಗಂಟಿದ್ದ ಸತ್ತ ಹಲ್ಲುಗಳಲ್ಲಿ ಶೇ 86 ರೂಟ್ ಕೆನಾಲ್‌ನಿಂದಲೇ ವಾಸಿಯಾಗಿದ್ದವು. ಆಮೇಲೆ ಕೊಯ್ಯಬೇಕಾಗಿ ಬಂದರೂ ನಾಳ ತುಂಬಿದ ಹಲ್ಲೇ ಬೇಕು. ಮೊದಲ ಹೆಜ್ಜೆ ವ್ಯರ್ಥವಾಗುವುದಿಲ್ಲ.

ಆದರೆ ಆ ರೂಟ್ ಕೆನಾಲ್ ಹೇಗಿರಬೇಕು ಎಂಬುದೇ ಮುಖ್ಯ. ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಹಾಳೆ ಕಟ್ಟಿರಬೇಕು; ಇಲ್ಲದಿದ್ದರೆ ಒಂದು ಕಡೆ ಬ್ಯಾಕ್ಟೀರಿಯಾ ತೊಳೆಯುತ್ತ ಇನ್ನೊಂದು ಕಡೆ ಎಂಜಲು ಒಳಬಿಟ್ಟಂತಾಗುತ್ತದೆ. ನಾಳದ ಉದ್ದವನ್ನು ಅಪೆಕ್ಸ್ ಲೊಕೇಟರ್‌ನಿಂದ ಅಳೆದು, ಎಕ್ಸ್‌ರೇಯಲ್ಲಿ ಕಾಣುವ ಬೇರಿನ ತುದಿಗಿಂತ 0.5–1 ಮಿ.ಮೀ. ಒಳಗೇ ಫೈಲ್ (ನಾಳ ಕೆರೆಯುವ ಸಪೂರ ಉಪಕರಣ) ನಿಲ್ಲಬೇಕು. ತೊಳೆಯಲು 2.5ರಿಂದ 5.25 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್, ಪಕ್ಕದಲ್ಲಿ ತೂತಿರುವ 30 ಗೇಜಿನ ಸೂಜಿಯಿಂದ. ಸೂಜಿ ನಾಳದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುವಾಗ ಒತ್ತಿದರೆ ದ್ರವ ಮೂಳೆಗೆ ನುಗ್ಗಿ ಕ್ಷಣದಲ್ಲಿ ಮುಖ ಊದಿ ಉರಿಯುತ್ತದೆ. ಕೊನೆಯಲ್ಲಿ ನಾಳದ ಗೋಡೆಗೆ ಅಂಟಿದ ಪುಡಿ ತೆಗೆಯಲು 17 ಶೇಕಡಾ ಇಡಿಟಿಎ ದ್ರಾವಣ ಸುಮಾರು ಒಂದು ನಿಮಿಷ. ಕೀವಿದ್ದರೆ ಅದೇ ದಿನ ತುಂಬದೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಇಟ್ಟು ಒಂದರಿಂದ ನಾಲ್ಕು ವಾರ ಬಿಡುತ್ತಾರೆ. ನಾಳ ಒಣಗಿ, ಒತ್ತಿದರೆ ನೋವಿಲ್ಲದಿದ್ದಾಗ ಗಟ್ಟಾಪರ್ಚ (ರಬ್ಬರಿನಂಥ ಪದಾರ್ಥ) ಮತ್ತು ಸಂದು ಮುಚ್ಚುವ ಸೀಲರ್ ತುಂಬುತ್ತಾರೆ.

ಒಸಡಿನ ಮೇಲೆ ಕೀವು ಒಸರುವ ಗುಳ್ಳೆ ಇದ್ದರೆ ಅದಕ್ಕೆ ಬೇರೆ ಔಷಧ ಹಚ್ಚಬೇಡಿ. ಗುಳ್ಳೆಯ ಬಾಯಿಂದ ತೆಳ್ಳನೆಯ ಗಟ್ಟಾಪರ್ಚ ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದರೆ ಅದು ಹೋಗಿ ನಿಲ್ಲುವ ಬೇರೇ ಕಳ್ಳ. ಎಷ್ಟೋ ಸಲ ಅದು ಗುಳ್ಳೆಯ ಎದುರಿನ ಹಲ್ಲಲ್ಲ, ಪಕ್ಕದ್ದು. ನಾಳ ಶುದ್ಧವಾದರೆ ಗುಳ್ಳೆ ಒಂದೆರಡು ವಾರದಲ್ಲಿ ಮುಚ್ಚುತ್ತದೆ.

ರೂಟ್ ಕೆನಾಲ್ ಮುಗಿದ ಮೇಲೆ ತಾತ್ಕಾಲಿಕ ಸಿಮೆಂಟಿನಲ್ಲೇ ತಿಂಗಳುಗಟ್ಟಲೆ ತಿರುಗಾಡುವುದು ನಮ್ಮ ಕಡೆ ತುಂಬ ಸಾಮಾನ್ಯ. ಅದು ಸವೆದು ಎಂಜಲು ಒಳಸೇರಿದರೆ ಮಾಡಿದ್ದೆಲ್ಲ ನೀರುಪಾಲು. ದವಡೆಹಲ್ಲಾದರೆ ಕ್ಯಾಪ್ ತಡಮಾಡಬೇಡಿ.

ಪ್ರಶ್ನೆ (ಮಂಗಳೂರು): ರೂಟ್ ಕೆನಾಲ್ ಎರಡು ಸಲ ಆಯಿತು, ಚೀಲ ಬೆಳೆಯುತ್ತಲೇ ಇದೆ. ಆಪರೇಷನ್ ಎಂದರೆ ಏನು ಮಾಡುತ್ತಾರೆ? ಹಲ್ಲು ಉಳಿಯುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಉಳಿಯುತ್ತದೆ. ಮೊದಲು ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್ ಬೇಕು. ಮಾಮೂಲಿ ಎಕ್ಸ್‌ರೇ ಚಪ್ಪಟೆ ಚಿತ್ರ. ಚೀಲ ಮೂಳೆಯ ಯಾವ ಗೋಡೆ ಒಡೆದಿದೆ, ಮೇಲ್ದವಡೆಯಾದರೆ ಸೈನಸ್ (ಕೆನ್ನೆಯ ಮೂಳೆಯೊಳಗಿನ ಗಾಳಿಗೂಡು) ಎಷ್ಟು ಹತ್ತಿರ, ಕೆಳದವಡೆಯಾದರೆ ತುಟಿಯ ನರ ಎಷ್ಟು ದೂರ ಎಂಬುದು ಅದರಲ್ಲಿ ಸಿಗುವುದಿಲ್ಲ. ಸಂಬಂಧಪಟ್ಟ ಹಲ್ಲುಗಳಷ್ಟನ್ನೇ ತೋರಿಸುವ ಸಣ್ಣ ಸ್ಕ್ಯಾನ್ ಸಾಕು, ಇಡೀ ತಲೆಯದು ಬೇಡ.

ದೊಡ್ಡ ಚೀಲವಾದರೆ ಕೊಯ್ಯುವ ಮುಂಚೆ 18 ಗೇಜಿನ ಸೂಜಿ ಚುಚ್ಚಿ ದ್ರವ ಎಳೆದು ನೋಡುವುದು ಒಳ್ಳೆಯ ಪದ್ಧತಿ. ಒಣಹುಲ್ಲಿನ ಬಣ್ಣದ ದ್ರವ ಬಂದು, ಬಟ್ಟೆಯ ಮೇಲೆ ಬಿಟ್ಟರೆ ಸಣ್ಣ ಹರಳುಗಳು ಮಿನುಗಿದರೆ ಇದೇ ಚೀಲ ಎಂಬುದಕ್ಕೆ ಬಲ. ಬೆಣ್ಣೆಯಂಥ ಬಿಳಿ ಗಸಿ ಬಂದರೆ ಕೆರಾಟೋಸಿಸ್ಟ್ ಎಂಬ ಬೇರೆ, ಮರುಕಳಿಸುವ ಜಾತಿ ಇರಬಹುದು. ಬರೀ ಗಾಳಿ ಬಂದರೆ ಸೂಜಿ ಸೈನಸ್‌ನಲ್ಲಿದೆ. ಒತ್ತಡದಿಂದ ಕೆಂಪು ರಕ್ತ ಉಕ್ಕಿದರೆ ಅಲ್ಲಿಗೇ ನಿಲ್ಲಿಸಬೇಕು. ಅದು ರಕ್ತನಾಳಗಳ ಗಂಟು.

ಆಪರೇಷನ್ ಬಹುತೇಕ ಲೋಕಲ್ ಅನಸ್ತೀಸಿಯಾದಲ್ಲೇ ಆಗುತ್ತದೆ. ಅಡ್ರಿನಲಿನ್ ಬೆರೆತ 2 ಶೇಕಡಾ ಲಿಗ್ನೊಕೇನ್ ಕೊಟ್ಟು, ಒಸಡನ್ನು ಬಿಡಿಸಿ ಮೇಲೆತ್ತಿ, ತೆಳುವಾದ ಮೂಳೆಯಲ್ಲಿ ಕಿಟಕಿ ತೆಗೆಯುತ್ತಾರೆ. ಕೊರೆಯುವಾಗ ಸಲೈನ್ ಸುರಿಯುತ್ತಲೇ ಇರಬೇಕು, ಮೂಳೆ ಕಾದರೆ ಸಾಯುತ್ತದೆ. ಚೀಲದ ಗೋಡೆಯನ್ನು ಮೂಳೆಯಿಂದ ಬಿಡಿಸಿ, ಸಾಧ್ಯವಾದರೆ ಹರಿಯದೆ ಇಡಿಯಾಗಿ ಹೊರತೆಗೆಯುತ್ತಾರೆ. ಆಮೇಲೆ ಬೇರಿನ ತುದಿಯ 3 ಮಿ.ಮೀ. ಕತ್ತರಿಸುತ್ತಾರೆ. ಈ 3ಕ್ಕೆ ಕಾರಣವಿದೆ: ಮುಖ್ಯ ನಾಳದಿಂದ ಒಡೆಯುವ ಕವಲುಗಳು ಬಹುತೇಕ ಎಲ್ಲವೂ ಆ ಕೊನೆಯ 3 ಮಿ.ಮೀ.ನಲ್ಲಿವೆ, ಎರಡು ಸಲ ರೂಟ್ ಕೆನಾಲ್ ಮಾಡಿದರೂ ಫೈಲ್ ತಲುಪದ ಮೂಲೆಗಳು ಅವು. ಕತ್ತರಿಸಿದ ತುದಿಯಿಂದ ಒಳಕ್ಕೆ ಅಲ್ಟ್ರಾಸಾನಿಕ್ ತುದಿಯಲ್ಲಿ ಮತ್ತೆ 3 ಮಿ.ಮೀ. ಕೊರೆದು ಎಂಟಿಎ ಅಥವಾ ಬಯೋಡೆಂಟಿನ್ ಎಂಬ ಸಿಮೆಂಟು ತುಂಬುತ್ತಾರೆ. ತುದಿ ಕತ್ತರಿಸಿ ಹಾಗೇ ಬಿಟ್ಟರೆ ನಾಳದ ಬಾಯಿ ತೆರೆದೇ ಉಳಿದು ರೋಗ ಮರುಕಳಿಸುತ್ತದೆ. ಹಳೆಯ ಆಪರೇಷನ್‌ಗಳು ಸೋಲುತ್ತಿದ್ದುದಕ್ಕೆ ಇದೊಂದು ದೊಡ್ಡ ಕಾರಣ.

ಸಣ್ಣ ಚೀಲದ ಗುಳಿಗೆ ಕೃತಕ ಮೂಳೆಪುಡಿ ಬೇಕಿಲ್ಲ, ಹೆಪ್ಪುಗಟ್ಟಿದ ರಕ್ತವೇ ತಿಂಗಳುಗಳಲ್ಲಿ ಮೂಳೆಯಾಗುತ್ತದೆ. ಚೀಲ ತುಂಬ ದೊಡ್ಡದಾಗಿ ಸೈನಸ್ಸನ್ನೋ ನರವನ್ನೋ ಮುಟ್ಟಿದ್ದರೆ ಒಂದೇ ಸಲಕ್ಕೆ ಕೀಳುವುದು ಜಾಣತನವಲ್ಲ. ಸಣ್ಣ ಕಿಟಕಿ ಕೊರೆದು, ಗೋಡೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿ, ಒಂದು ಕೊಳವೆ ಕೂರಿಸುತ್ತಾರೆ. ರೋಗಿ ಮನೆಯಲ್ಲೇ ಸಿರಿಂಜಿನಿಂದ ದಿನಕ್ಕೆ ಒಂದೆರಡು ಸಲ ಸಲೈನ್ ಹಾಯಿಸಬೇಕು. ಒಳಗಿನ ಒತ್ತಡ ಇಳಿದಂತೆ ಮೂಳೆ ಅಂಚಿನಿಂದ ಬೆಳೆದು, ಹಲವು ತಿಂಗಳಲ್ಲಿ ಚೀಲ ಚಿಕ್ಕದಾಗುತ್ತದೆ. ಈ ವಿಧಾನ ಸೋಲುವುದು ಹೆಚ್ಚಾಗಿ ತೊಳೆಯಲು ಬೇಸರಪಟ್ಟಾಗ.

ಪಕ್ಕದ ಹಲ್ಲುಗಳ ಬೇರಿನ ಮೇಲೂ ಕಪ್ಪು ನೆರಳು ಬಿದ್ದಿದೆ ಎಂದು ಅವಕ್ಕೂ ಮುಂಜಾಗ್ರತೆಯ ರೂಟ್ ಕೆನಾಲ್ ಹೇಳಿದರೆ ಒಪ್ಪಬೇಡಿ. ತಣ್ಣನೆಯ ಪರೀಕ್ಷೆಯಲ್ಲಿ ಸತ್ತವೆಂದು ಖಚಿತವಾದರೆ ಮಾತ್ರ.

ಮನೆಗೆ ಬಂದ ಮೇಲೆ: ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 10–15 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಟ್ಟು, ಮತ್ತೆ ಇಡಿ. ಊತ ಎರಡನೇ ಮೂರನೇ ದಿನ ಹೆಚ್ಚುವುದು ಸಹಜ. ಹೊಲಿಗೆ ನೋಡಲು ತುಟಿ ಎತ್ತಬೇಡಿ, ಎಷ್ಟೋ ಹೊಲಿಗೆಗಳು ಬಿಚ್ಚುವುದು ಕನ್ನಡಿಯ ಮುಂದೆ. ಮರುದಿನದಿಂದ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ದ್ರಾವಣ 10 ಮಿ.ಲೀ. ತೆಗೆದುಕೊಂಡು ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿ ಉಗುಳಿ, ಹಲ್ಲುಜ್ಜಿ ಅರ್ಧ ಗಂಟೆಯ ನಂತರ. ಬೀಡಿ, ಸಿಗರೇಟು, ಗುಟ್ಕಾ ದೂರವಿರಲಿ. ರಕ್ತ ತೆಳುಮಾಡುವ ಮಾತ್ರೆಯನ್ನು ಹೃದ್ರೋಗ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಜೋಲೆಡ್ರೊನಿಕ್ ಆಸಿಡ್ ಅಥವಾ ಡೆನೊಸುಮ್ಯಾಬ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಆಪರೇಷನ್‌ಗೆ ಮುಂಚೆಯೇ ಹೇಳಿ. ದವಡೆಯ ಮೂಳೆ ವಾಸಿಯಾಗದೆ ಕೊಳೆಯುವ ಅಪಾಯವಿದೆ.

ಪ್ರಶ್ನೆ (ಕಲಬುರಗಿ): ಚೀಲದ ಬಯಾಪ್ಸಿ ವರದಿಯಲ್ಲಿ 'ಕೊಲೆಸ್ಟರಾಲ್ ಕ್ಲೆಫ್ಟ್', 'ರಷ್ಟನ್ ಬಾಡಿ' ಎಂದಿದೆ. ಎಣ್ಣೆ, ಮೊಟ್ಟೆ ಬಿಡಬೇಕೆ? ಕ್ಯಾನ್ಸರ್ ಅಲ್ಲವಷ್ಟೇ?

ಉತ್ತರ: ಮೊಟ್ಟೆ ತಿನ್ನಿ. ಆ ಕೊಲೆಸ್ಟರಾಲ್ ಊಟದ್ದಲ್ಲ. ಚೀಲದೊಳಗೆ ಒಡೆದುಹೋದ ರಕ್ತಕಣ ಮತ್ತಿತರ ಕೋಶಗಳ ಹೊರಪೊರೆಯದ್ದು. ಚಪ್ಪಟೆ ಹರಳುಗಳಾಗಿ ಕೂತಿರುತ್ತದೆ. ಲ್ಯಾಬಿನಲ್ಲಿ ತುಣುಕನ್ನು ರಾಸಾಯನಿಕಗಳಲ್ಲಿ ಅದ್ದುವಾಗ ಹರಳು ಕರಗಿಹೋಗಿ, ಸೂಜಿಯಾಕಾರದ ಖಾಲಿ ಸೀಳುಗಳು ಮಾತ್ರ ಉಳಿಯುತ್ತವೆ. ಕ್ಲೆಫ್ಟ್ ಎಂದರೆ ಆ ಸೀಳು. ರಷ್ಟನ್ ಬಾಡಿ ಎಂಬುದು ಇಂಥ ಚೀಲಗಳ ಒಳಪದರದಲ್ಲಿ ಕೆಲವೊಮ್ಮೆ ಕಾಣುವ ಗಾಜಿನಂಥ ಬಾಗಿದ ಎಳೆ. ಎರಡೂ ನಿರಪಾಯ.

ಬಯಾಪ್ಸಿ ಮಾಡಿಸಿದ್ದು ಮಾತ್ರ ತುಂಬ ಸರಿ. 'ಮಾಮೂಲಿ ಚೀಲ' ಎಂದು ತೆಗೆದದ್ದನ್ನು ಕಸದ ಬುಟ್ಟಿಗೆ ಎಸೆಯುವ ಕಡೆಗಳಿವೆ. ಕೆರಾಟೋಸಿಸ್ಟ್, ಅಮೆಲೋಬ್ಲಾಸ್ಟೋಮಾ (ದವಡೆಯ ಒಂದು ಬಗೆಯ ಗಡ್ಡೆ) ಎರಡೂ ಎಕ್ಸ್‌ರೇಯಲ್ಲಿ ಇದೇ ವೇಷದಲ್ಲಿ ಬರಬಲ್ಲವು. ತೆಗೆದದ್ದೆಲ್ಲ 10 ಶೇಕಡಾ ಫಾರ್ಮಲಿನ್‌ನಲ್ಲಿ, ತುಣುಕಿನ ಹತ್ತರಷ್ಟು ದ್ರವದಲ್ಲಿ ಮುಳುಗಿ ಹೋಗಬೇಕು. ನೀರಿನಲ್ಲೋ ಸಲೈನಿನಲ್ಲೋ ಕಳಿಸಿದರೆ ದಾರಿಯಲ್ಲೇ ಕೊಳೆತು ವರದಿ ಸಿಗುವುದಿಲ್ಲ.

ಪ್ರಶ್ನೆ (ಹಾಸನ): ಹಲ್ಲು ಕೀಳಿಸಿ ಆರು ವರ್ಷ. ಈಗ ಖಾಲಿ ಜಾಗದಲ್ಲೇ ಚೀಲ ಇದೆಯಂತೆ. ಹಲ್ಲೇ ಇಲ್ಲದೆ ಹೇಗೆ?

ಉತ್ತರ: ಹಲ್ಲು ಕಿತ್ತಾಗ ಚೀಲ ಮೂಳೆಯಲ್ಲೇ ಉಳಿದಿತ್ತು. ಅನೇಕವು ಮುದುಡಿಹೋಗುತ್ತವೆ, ಕೆಲವು ಬೆಳೆಯುತ್ತವೆ. ಹಲ್ಲಿಲ್ಲದ ಕಡೆ ರೂಟ್ ಕೆನಾಲ್‌ನ ದಾರಿಯಿಲ್ಲ. ತೆಗೆದು ಬಯಾಪ್ಸಿಗೆ ಕಳಿಸುವುದೊಂದೇ. ಕೆಳತುಟಿಗೆ ಕಾರಣವಿಲ್ಲದೆ ಜೋಮು ಹಿಡಿದಿದ್ದರೆ ಅದನ್ನು ತಪ್ಪದೆ ಹೇಳಿ, ತಡಮಾಡಬೇಡಿ.

ಪ್ರಶ್ನೆ (ಹಾವೇರಿ): ಲವಂಗದೆಣ್ಣೆಯಿಂದ ಚೀಲ ಕರಗುತ್ತದೆಯೇ? ಸಂತೆಯಲ್ಲಿ ಹಲ್ಲಿನ ಹುಳ ತೆಗೆಯುವವರ ಬಗ್ಗೆ ಏನು ಹೇಳುತ್ತೀರಿ?

ಉತ್ತರ: ಲವಂಗದೆಣ್ಣೆ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಚೀಲವನ್ನು ಮುಟ್ಟುವುದಿಲ್ಲ. ಹಲ್ಲಿನಲ್ಲಿ ಹುಳವೇ ಇರುವುದಿಲ್ಲ. ತೋರಿಸುವ ಹುಳ ಅವರ ಕೈಯಲ್ಲಿತ್ತು.

ಪ್ರಶ್ನೆ (ಬೆಳಗಾವಿ): ರೂಟ್ ಕೆನಾಲ್ ಆಗಿ ಎರಡು ವರ್ಷ. ನೋವಿಲ್ಲ, ಆದರೆ ಎಕ್ಸ್‌ರೇಯಲ್ಲಿ ಮಚ್ಚೆ ಅರ್ಧದಷ್ಟು ಇನ್ನೂ ಇದೆ. ಮತ್ತೆ ಮಾಡಿಸಬೇಕೆ?

ಉತ್ತರ: ಅರ್ಧವಾಗಿದೆ ಎಂದರೆ ವಾಸಿಯಾಗುತ್ತಿದೆ. ನಾಲ್ಕು ವರ್ಷದವರೆಗೆ ಕಾಯಲು ಅವಕಾಶವಿದೆ, ವರ್ಷಕ್ಕೊಂದು ಎಕ್ಸ್‌ರೇ ಸಾಕು. ಒಂದೇ ಕೋನದಲ್ಲಿ ತೆಗೆದವನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಕು. ಕೋನ ಬದಲಾದರೆ ಮಚ್ಚೆ ದೊಡ್ಡದೋ ಚಿಕ್ಕದೋ ಆದಂತೆ ಸುಳ್ಳು ಕಾಣುತ್ತದೆ. ಮೂಳೆಯ ಮುಂದಿನ, ಹಿಂದಿನ ಎರಡೂ ಗೋಡೆ ಒಡೆದಿದ್ದರೆ ಆ ಜಾಗ ಮೂಳೆಯ ಬದಲು ಗಾಯದ ನಾರಿನಿಂದ ತುಂಬಿ ಕೊನೆಯವರೆಗೂ ಸಣ್ಣ ಕಪ್ಪು ಚುಕ್ಕೆಯಾಗಿ ಉಳಿಯಬಹುದು, ಅದು ರೋಗವಲ್ಲ. ಮಚ್ಚೆ ಹಿಗ್ಗಿದರೆ, ಗುಳ್ಳೆ ಮರಳಿದರೆ, ಕಚ್ಚಿದಾಗ ನೋವಾದರೆ ಮರುಚಿಕಿತ್ಸೆ. ಹಳೆಯ ಫಿಲ್ಮುಗಳನ್ನು ಕವರಿನಲ್ಲಿ ಜೋಪಾನ ಮಾಡಿ, ಮುಂದಿನ ಸಲ ಹೋಗುವಾಗ ಮರೆಯದೆ ಕೊಂಡೊಯ್ಯಿರಿ. ಡಿಜಿಟಲ್ ಆಗಿದ್ದರೆ ಮೂಲ ಫೈಲನ್ನೇ ಕೇಳಿ ಪಡೆಯಿರಿ, ಪರದೆಯ ಫೋಟೋ ಸಾಲದು.